ಮನೆ ಪಿಕಪ್ ಇಂಜಿನ್ ಕೈಕೊಟ್ಟಾಗ: ಪಾರ್ಟ್ ಬದಲ್ಸೋಕೆ ಮೊದ್ಲು ನೀವೇ ನೋಡ್ಬಹುದಾದ್ದು

ಮಳೆಗಾಲ ಹತ್ರ ಬಂತು ಅಂದ್ರೆ ನಂಗೆ ಬರೋ ಮೆಸೇಜೆಲ್ಲ ಒಂದೇ ನಮೂನೆ. "ಪಿಕಪ್ ಬೆಳಿಗ್ಗೆ ಸ್ಟಾರ್ಟ್ ಆಗ್ತಿಲ್ಲ, ಏನಾಗಿರ್ಬಹುದು", "ದೇವಿಮನೆ ಘಾಟ್ ಹತ್ತುವಾಗ ಹೀಟ್ ಆಗ್ತದೆ, ರೇಡಿಯೇಟರ್ ಬದಲ್ಸ್ಬೇಕಾ", "ಲೋಡ್ ಹಾಕಿದ್ರೆ ಎಳೆಯೋದೇ ಇಲ್ಲ, ಡೀಸೆಲ್ ಪಂಪ್ ಹೋಗಿದೆ ಅಂತಾರೆ, ಹೌದಾ". ಒಬ್ಬೊಬ್ರಿಗೆ ಉತ್ತರ ಬರೆಯೋ ಬದ್ಲು ಎಲ್ಲಾ ಒಂದೇ ಕಡೆ ಬರೀತಿದ್ದೇನೆ, ಮೊಬೈಲಲ್ಲಿ ಸೇವ್ ಮಾಡಿ ಇಟ್ಕೊಳ್ಳಿ.

ನಮ್ಮ ಕಡೆ ಪಿಕಪ್ ಅಂದ್ರೆ ಬರೀ ಬಾಡಿಗೆ ಗಾಡಿ ಅಲ್ಲ. ಬೆಳಿಗ್ಗೆ ಅಡಿಕೆ ಚೀಲ ಹೇರ್ಕೊಂಡು ಶಿರಸಿಗೆ ಹೋಗ್ತದೆ, ಮಧ್ಯಾಹ್ನ ಬೆಟ್ಟದಿಂದ ದರಕು (ಒಣಗಿದ ಎಲೆ) ತರ್ತದೆ, ಸಂಜೆ ಅಜ್ಜಿನ ಡಾಕ್ಟರ್ ಹತ್ರ ಕರ್ಕೊಂಡು ಹೋಗೋದೂ ಅದೇ. ಕೆಳಗೆ ಕುಮಟಾ, ಅಂಕೋಲಾ, ಕಾರವಾರದ ಕಡೆ ಆದ್ರೆ ನಸುಕಿಗೆ ಮೀನಿನ ಕ್ರೇಟು. ಅದು ನಿಂತ್ರೆ ಮನೆ ಕೆಲಸ ಎಲ್ಲ ನಿಂತ ಹಾಗೆ, ಆ ಗಡಿಬಿಡಿಲಿ ಯಾರು ಏನು ಹೇಳಿದ್ರೂ ಹೂಂ ಅಂತೀವಿ, ಇಂಜೆಕ್ಟರ್ (ಸಿಲಿಂಡರ್ ಒಳಗೆ ಡೀಸೆಲ್ ಚಿಮ್ಮಿಸೋದು) ಅಂದ್ರೆ ಇಂಜೆಕ್ಟರ್, ಪಂಪ್ ಅಂದ್ರೆ ಪಂಪ್, ಸಾವಿರಗಟ್ಲೆ ಹೋದ್ಮೇಲೆ ನೋಡಿದ್ರೆ ತೊಂದ್ರೆ ಇದ್ದದ್ದು ಫಿಲ್ಟರ್‌ನಲ್ಲಿ ನಿಂತ ನೀರಲ್ಲಿ. ಅದಕ್ಕೇ ಹೇಳೋದು, ಪಾರ್ಟ್ ಬದಲ್ಸೋದು ಕೊನೇ ಕೆಲಸ, ಮೊದ್ಲು ಲಕ್ಷಣ ನೋಡ್ಬೇಕು, ಅದೂ ಖರ್ಚಿಲ್ಲದ್ದರಿಂದ ಶುರು ಮಾಡಿ ಒಂದೊಂದಾಗಿ.

ಡೀಸೆಲ್ ಇಂಜಿನ್ ಓಡೋಕೆ ಬೇಕಾದ್ದು ಜಾಸ್ತಿ ಏನಿಲ್ಲ: ತಿರುಗಿಸೋಕೆ ಕರೆಂಟು, ಸುಡೋಕೆ ಡೀಸೆಲ್, ಅದಕ್ಕೆ ಗಾಳಿ, ಆಮೇಲೆ ಆಯಿಲ್ ಮತ್ತು ಕೂಲೆಂಟು (ಇಂಜಿನ್ ತಣ್ಣಗಿಡೋ ದ್ರವ). ಈ ಮಳೆ, ಈ ಉಪ್ಪುಗಾಳಿ ಇರೋ ಊರಲ್ಲಿ ಮೊದ್ಲು ಅನುಮಾನ ಪಡ್ಬೇಕಾದ್ದು ಕರೆಂಟು ಮತ್ತು ಡೀಸೆಲ್ ಮೇಲೆ. ಇಲ್ಲಿ ಬರ್ದಿದ್ದು ಬೊಲೆರೊ ಪಿಕಪ್, ಯೋಧ, ದೋಸ್ತ್ ತರದ ಡೀಸೆಲ್ ಗಾಡಿಗಳಿಗೆ, ಪೆಟ್ರೋಲ್ ಮತ್ತು ಸಿಎನ್‌ಜಿ ಗಾಡಿಗೆ ಇದು ಪೂರ್ತಿ ಹೊಂದೋದಿಲ್ಲ.

ಏನೇನು ಬೇಕು

ಒಂದು ಮಲ್ಟಿಮೀಟರ್ (ವೋಲ್ಟ್ ಅಳೆಯೋ ಸಣ್ಣ ಯಂತ್ರ, ಎಲೆಕ್ಟ್ರಿಕಲ್ ಅಂಗಡೀಲಿ ಕೆಲವು ನೂರು ರೂಪಾಯಿಗೆ ಸಿಕ್ತದೆ), 10 ಮತ್ತು 12 ನಂಬರ್ ಸ್ಪ್ಯಾನರ್, ಸ್ಕ್ರೂ ಡ್ರೈವರ್, ಟಾರ್ಚು, ಹಳೇ ಬಟ್ಟೆ, ಒಂದು ಪಾರದರ್ಶಕ ಪ್ಲಾಸ್ಟಿಕ್ ಬಾಟ್ಲಿ. ಸಾಧ್ಯ ಆದ್ರೆ ಬ್ಲೂಟೂತ್ ಓಬಿಡಿ ಸ್ಕ್ಯಾನರ್, ಅಂದ್ರೆ ಗಾಡಿ ಕಂಪ್ಯೂಟರ್ ಬರ್ದಿಟ್ಟ ದೋಷದ ಕೋಡನ್ನ ಮೊಬೈಲಿಗೆ ತೋರ್ಸೋ ಸಾಧನ. ಗಾಡಿ ಸಮ ಜಾಗದಲ್ಲಿ ನಿಲ್ಸಿ, ಹ್ಯಾಂಡ್ ಬ್ರೇಕ್ ಎಳ್ದು, ಚಕ್ರಕ್ಕೆ ಕಲ್ಲು ಕೊಟ್ಟು ಆಮೇಲೆ ಬಾನೆಟ್ ಎತ್ತಿ. ಲುಂಗಿ, ಟವೆಲ್ ತುದಿ ಫ್ಯಾನ್ ಬೆಲ್ಟ್ ಹತ್ರ ಹೋಗದ ಹಾಗೆ ಜಾಗ್ರತೆ, ಇದನ್ನ ಎಷ್ಟು ಸಲ ಹೇಳಿದ್ರೂ ಕಮ್ಮಿನೇ.

1. ಮೊದ್ಲು ನೋಡಿ, ಕೇಳಿ, ಬರ್ಕೊಳ್ಳಿ

ಏನೂ ಬಿಚ್ಚೋಕೆ ಮೊದ್ಲು ಒಂದು ಚೀಟೀಲಿ ಬರೀರಿ: ತೊಂದ್ರೆ ಇಂಜಿನ್ ತಣ್ಣಗಿದ್ದಾಗ ಬರ್ತದಾ ಬಿಸಿ ಆದ್ಮೇಲಾ, ಖಾಲಿ ಗಾಡೀಲಾ ಲೋಡಲ್ಲಾ, ಸಪಾಟು ರಸ್ತೇಲಾ ಏರಲ್ಲಾ, ಹಿಂದಿನ ದಿನ ಏನು ಮಾಡಿದ್ರಿ (ಡೀಸೆಲ್ ಹಾಕ್ಸಿದ್ದು, ಸರ್ವಿಸ್ ಮಾಡ್ಸಿದ್ದು, ನೀರಲ್ಲಿ ದಾಟಿದ್ದು). ಸರ್ವಿಸ್ ಆದ ಮಾರನೇ ದಿನವೇ ತೊಂದ್ರೆ ಶುರುವಾಗಿದ್ರೆ ಮೊದ್ಲು ಅವರು ಕೈ ಹಾಕಿದ ಜಾಗವೇ ನೋಡ್ಬೇಕು, ಪೈಪ್ ಕ್ಲಿಪ್ ಸಡಿಲ ಬಿಟ್ಟಿರೋದು, ಸಾಕೆಟ್ ಸರಿ ಕೂರ್ಸದೇ ಇರೋದು ಬಾಳಾ ಸಾಮಾನ್ಯ.

ಆಮೇಲೆ ಮೀಟರ್‌ನಲ್ಲಿ ಯಾವ ಲೈಟು ಇದೆ ನೋಡಿ. ಕೆಂಪು ಲೈಟು ಅಂದ್ರೆ ಗಾಡಿ ನಿಲ್ಸಿ ಅಂತ, ಹಳದಿ ಅಂದ್ರೆ ಬೇಗ ತೋರ್ಸಿ ಅಂತ. ಅದ್ರಲ್ಲೂ ಎಣ್ಣೆ ಗಿಂಡಿ ಚಿತ್ರದ ಕೆಂಪು ಲೈಟು, ಅಂದ್ರೆ ಆಯಿಲ್ ಪ್ರೆಶರ್ ಲೈಟು, ಓಡ್ತಿರುವಾಗ ಬಂತು ಅಂದ್ರೆ "ಮನೆ ಹತ್ರವೇ ಅಲ್ಲ" ಅಂತ ಒಂದು ಕಿಲೋಮೀಟರ್ ಕೂಡ ಓಡಿಸ್ಬೇಡಿ, ಪಕ್ಕಕ್ಕೆ ತಗೊಂಡು ತಕ್ಷಣ ಆಫ್. ಬೇರಿಂಗ್ ಹಿಡಿದು ಇಂಜಿನ್ ಸೀಜ್ ಆಗೋಕೆ ಕೆಲವು ನಿಮಿಷ ಸಾಕು.

ಆಯಿಲ್ ನೋಡೋದು ಇಂಜಿನ್ ಆಫ್ ಮಾಡಿ ಐದು ಹತ್ತು ನಿಮಿಷ ಬಿಟ್ಟು. ಡಿಪ್‌ಸ್ಟಿಕ್ (ಆಯಿಲ್ ಅಳೆಯೋ ಕಡ್ಡಿ) ಒರೆಸಿ, ಮತ್ತೆ ಹಾಕಿ ತೆಗೀರಿ. ಕಮ್ಮಿ ಇದ್ರೆ ಗೊತ್ತಾಯ್ತು, ಆದ್ರೆ ಜಾಸ್ತಿ ಆಗಿದ್ರೂ ಅದು ಒಳ್ಳೇದಲ್ಲ, ಆಯಿಲ್‌ಗೆ ಡೀಸೆಲ್ ಸೇರ್ತಿದೆ ಅಥವಾ ಕೂಲೆಂಟ್ ಸೇರ್ತಿದೆ ಅಂತ ಅರ್ಥ. ಡೀಸೆಲ್ ಆದ್ರೆ ಆಯಿಲ್ ನೀರಾಗಿ ವಾಸನೆ ಬರ್ತದೆ, ಕೂಲೆಂಟ್ ಆದ್ರೆ ಹಾಲು ಹಾಕಿದ ಚಾ ಬಣ್ಣ.

2. ಸೆಲ್ಫ್ ಹೊಡೆದ್ರೆ ಇಂಜಿನ್ ತಿರುಗೋದೇ ಇಲ್ಲ, ಅಥವಾ ಎಳೆದೆಳೆದು ತಿರುಗ್ತದೆ

ಇದು ಕರೆಂಟಿನ ತೊಂದ್ರೆ, ಡೀಸೆಲ್ ಕಡೆ ಹೋಗ್ಲೇಬೇಡಿ. ರಾತ್ರಿ ನಿಲ್ಸಿದ ಗಾಡೀಲಿ ಬೆಳಿಗ್ಗೆ ಬ್ಯಾಟರಿ ವೋಲ್ಟ್ ನೋಡಿ. 12.6 ಹತ್ರ ಇದ್ರೆ ತುಂಬಿದೆ, 12.2 ಅಂದ್ರೆ ಸುಮಾರು ಅರ್ಧ, 12ಕ್ಕಿಂತ ಕೆಳಗೆ ಅಂದ್ರೆ ಖಾಲಿ. ಈಗ ಇನ್ನೊಬ್ರ ಹತ್ರ ಸೆಲ್ಫ್ ಹೊಡ್ಸಿ ಮೀಟರ್ ನೋಡ್ತಾ ಇರಿ, 9.6ಕ್ಕಿಂತ ಕೆಳಗೆ ಬಿದ್ರೆ ಬ್ಯಾಟರಿ ಸೋತಿದೆ ಅಥವಾ ಚಾರ್ಜೇ ಇಲ್ಲ. ಗಾಡಿ ಸ್ಟಾರ್ಟ್ ಆದ್ಮೇಲೆ 13.8ರಿಂದ 14.5ರ ಒಳಗೆ ತೋರ್ಸ್ಬೇಕು, ಇಲ್ಲಾಂದ್ರೆ ಡೈನಮೋ (ಆಲ್ಟರ್ನೇಟರ್, ಬ್ಯಾಟರಿ ಚಾರ್ಜ್ ಮಾಡೋದು) ಅಥವಾ ಅದ್ರ ಬೆಲ್ಟ್ ನೋಡ್ಸಿ. ಹೊಸ ಬ್ಯಾಟರಿ ಹಾಕ್ಸಿ ವಾರಕ್ಕೆ ಮತ್ತೆ ಇಳಿದೋಗ್ತದೆ ಅನ್ನೋರು ಈ ಕೊನೇ ಅಳತೆ ತಪ್ಪದೆ ಮಾಡಿ.

ಬ್ಯಾಟರಿ ಸರಿ ಇದೆ, ಆದ್ರೂ ಟಕ್ ಅಂತ ಒಂದೇ ಶಬ್ದ. ಇಲ್ಲಿ ನಮ್ಮ ಕರಾವಳಿಯವರು ಒಂದು ಜಾಗ ಮರೀತಾರೆ: ಅರ್ತ್. ಬ್ಯಾಟರಿ ಮೈನಸ್‌ನಿಂದ ಛಾಸಿಸ್‌ಗೆ, ಅಲ್ಲಿಂದ ಇಂಜಿನ್‌ಗೆ ಒಂದು ದಪ್ಪ ವಯರ್ ಅಥವಾ ಹೆಣೆದ ಪಟ್ಟಿ ಹೋಗಿರ್ತದೆ. ಸಮುದ್ರದ ಉಪ್ಪುಗಾಳಿ ಒಂದು, ಮೀನಿನ ಕ್ರೇಟಿಂದ ಸೋರೋ ಐಸ್ ನೀರು ಇನ್ನೊಂದು, ಎರಡೂ ಸೇರಿ ಆ ಬೋಲ್ಟ್ ಕೆಳಗೆ ತುಕ್ಕು, ಹಸಿರು ಪುಡಿ ಕೂರಿಸ್ತವೆ, ಮೇಲಿಂದ ನೋಡಿದ್ರೆ ಗಟ್ಟಿಯಾಗೇ ಇರ್ತದೆ ಆದ್ರೆ ಕರೆಂಟ್ ಹೋಗೋದಿಲ್ಲ. ಪತ್ತೆ ಮಾಡೋದು ಸುಲಭ: ಮೀಟರ್‌ನ ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಇಂಜಿನ್‌ನ ಬಣ್ಣ ಇಲ್ದ ಕಬ್ಬಿಣಕ್ಕೆ ಇಟ್ಟು ಸೆಲ್ಫ್ ಹೊಡೀರಿ. ಅರ್ಧ ವೋಲ್ಟ್‌ಗಿಂತ ಜಾಸ್ತಿ ತೋರ್ಸಿದ್ರೆ ಅರ್ತ್ ಕೆಟ್ಟಿದೆ. ಬಿಚ್ಚಿ, ಉಪ್ಪುಕಾಗದದಲ್ಲಿ ಹೊಳೆಯೋವರೆಗೆ ತಿಕ್ಕಿ, ಬಿಗಿ ಮಾಡಿ ಮೇಲೆ ಗ್ರೀಸ್ ಹಚ್ಚಿ. ಬ್ಯಾಟರಿ ಟರ್ಮಿನಲ್ ಮೇಲಿನ ಬಿಳಿ ಪುಡಿಗೆ ಬಿಸಿನೀರಲ್ಲಿ ಅಡುಗೆ ಸೋಡ ಕಲ್ಸಿ ಹಾಕಿ ತೊಳೀರಿ. ಬಿಚ್ಚುವಾಗ ಮೈನಸ್ ಮೊದ್ಲು, ಹಾಕುವಾಗ ಮೈನಸ್ ಕೊನೇಗೆ. ಇಂಜಿನ್ ಓಡ್ತಿರುವಾಗ ಬ್ಯಾಟರಿ ವಯರ್ ಕಳಚಿ ಡೈನಮೋ ಟೆಸ್ಟ್ ಮಾಡೋ ಹಳೇ ಪದ್ಧತಿ ಈಗಿನ ಗಾಡೀಲಿ ಬೇಡವೇ ಬೇಡ, ಕಂಪ್ಯೂಟರ್ ಸುಟ್ಟೋಗ್ತದೆ.

ಇದರ ಜೊತೆಗೇ ಇಲಿ ಕಾಟ. ಅಡಿಕೆ, ಭತ್ತ ಇಡೋ ಶೆಡ್ಡಲ್ಲಿ ಗಾಡಿ ನಿಲ್ಸೋರು ವಯರಿಂಗ್ ಉದ್ದಕ್ಕೂ ಟಾರ್ಚ್ ಬಿಟ್ಟು ನೋಡಿ, ಕಚ್ಚಿದ ಗುರುತು, ಹಿಕ್ಕೆ ಕಾಣ್ತದೆ.

3. ಇಂಜಿನ್ ಚೆನ್ನಾಗಿ ತಿರುಗ್ತದೆ, ಆದ್ರೆ ಹತ್ತೋದಿಲ್ಲ

ಈಗ ಡೀಸೆಲ್. ಸೆಲ್ಫ್ ಹೊಡೆಯುವಾಗ ಸೈಲೆನ್ಸರ್ ಕಡೆ ಒಬ್ರನ್ನ ನಿಲ್ಸಿ. ಸ್ವಲ್ಪನೂ ಹೊಗೆ ಇಲ್ಲ ಅಂದ್ರೆ ಸಿಲಿಂಡರ್‌ಗೆ ಡೀಸೆಲ್ ಹೋಗ್ತಿಲ್ಲ. ಬಿಳಿ ಹೊಗೆ, ಕಣ್ಣುರಿಯೋ ಹಸಿ ಡೀಸೆಲ್ ವಾಸನೆ ಬರ್ತಿದೆ ಅಂದ್ರೆ ಡೀಸೆಲ್ ಹೋಗ್ತಿದೆ, ಸುಡ್ತಿಲ್ಲ, ಆಗ ಗ್ಲೋ ಪ್ಲಗ್ (ತಣ್ಣಗಿರೋ ಇಂಜಿನ್ ಒಳಗೆ ಬಿಸಿ ಕೊಡೋ ಕಡ್ಡಿ, ಮೀಟರಲ್ಲಿ ಸುರುಳಿ ಚಿತ್ರದ ಲೈಟು) ಅಥವಾ ಕಂಪ್ರೆಶನ್ (ಸಿಲಿಂಡರ್ ಒಳಗೆ ಗಾಳಿ ಒತ್ತೋ ಬಲ) ಕಡೆ ಹೋಗ್ಬೇಕು. ಬೀಗದ ಕೈ ಚಿತ್ರದ ಲೈಟು ಮಿಣುಕ್ತಾ ಇದ್ರೆ ಇಮ್ಮೊಬಿಲೈಸರ್ (ಕಳ್ಳತನ ತಡೆಯೋ ವ್ಯವಸ್ಥೆ) ಕೀ ಗುರುತಿಸ್ತಿಲ್ಲ, ಇನ್ನೊಂದು ಕೀ ಹಾಕಿ ನೋಡಿ.

ಮಳೆಗಾಲದಲ್ಲಿ ನೀರಿನ ಕಥೆ ದೊಡ್ಡದು. ಅರ್ಧ ಖಾಲಿ ಟ್ಯಾಂಕಲ್ಲಿ ತೇವದ ಗಾಳಿ ತುಂಬಿರ್ತದೆ, ರಾತ್ರಿ ಅದು ತಣ್ಣಗಾಗಿ ಹನಿ ಕಟ್ಟಿ ಕೆಳಗೆ ಇಳೀತದೆ, ಡೀಸೆಲ್ ಹಗುರ ಆದ್ರಿಂದ ನೀರು ಅಡಿಯಲ್ಲೇ ನಿಲ್ತದೆ, ಪೈಪೂ ಅಲ್ಲಿಂದಲೇ ಎಳೆಯೋದು. ಇದನ್ನ ತಡೆಯೋಕೇ ಡೀಸೆಲ್ ಫಿಲ್ಟರ್ ಅಡಿಗೆ ನೀರು ನಿಲ್ಲೋ ಜಾಗ ಮತ್ತು ಒಂದು ತಿರುಪು ಕೊಟ್ಟಿರೋದು. ಇಂಜಿನ್ ಆಫ್ ಮಾಡಿ, ಕೆಳಗೆ ಪ್ಲಾಸ್ಟಿಕ್ ಬಾಟ್ಲಿ ಹಿಡಿದು ಆ ತಿರುಪು ಸಡಿಲ ಮಾಡಿ ಒಂದು ಲೋಟದಷ್ಟು ಬಿಡಿ. ಬಾಟ್ಲಿ ಹತ್ತು ನಿಮಿಷ ಅಲುಗಾಡಿಸ್ದೆ ಇಡಿ. ಅಡೀಲಿ ಬೇರೆ ಪದರ ಕಂಡ್ರೆ ಅದು ನೀರು. ಸ್ವಲ್ಪ ಹನಿ ಆದ್ರೆ ಪರವಾಗಿಲ್ಲ, ಮತ್ತೆ ಮತ್ತೆ ಬಿಟ್ರೂ ನೀರೇ ಬರ್ತಾ ಇದ್ರೆ ಟ್ಯಾಂಕ್ ಇಳ್ಸಿ ತೊಳೀಬೇಕು, ಅಷ್ಟರವರೆಗೆ ಸ್ಟಾರ್ಟ್ ಮಾಡ್ಬೇಡಿ. ಈಗಿನ ಪಂಪು, ಇಂಜೆಕ್ಟರ್‌ಗೆ ಡೀಸೆಲ್ಲೇ ಎಣ್ಣೆ, ನೀರು ಹೋದ್ರೆ ಒಳಗೆ ಉಜ್ಜಿ ಗೀರು ಬೀಳ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಟ್ಯಾಂಕ್ ಅರ್ಧಕ್ಕಿಂತ ಮೇಲೇ ಇಟ್ಕೊಳ್ಳಿ, ತಿಂಗಳಿಗೊಮ್ಮೆ ಹೀಗೆ ನೀರು ಬಿಡಿ.

ನೀರು ಇಲ್ಲ ಅಂದ್ರೆ ಏರ್. ಡೀಸೆಲ್ ಪೂರ್ತಿ ಖಾಲಿ ಆಗಿ ನಿಂತಿದ್ರೆ, ಫಿಲ್ಟರ್ ಬದಲ್ಸಿದ್ರೆ, ಪೈಪ್ ಬಿರುಕು ಬಿಟ್ಟಿದ್ರೆ ಲೈನಲ್ಲಿ ಗಾಳಿ ಸೇರ್ತದೆ. ಫಿಲ್ಟರ್ ಹತ್ರ ಕೈ ಪಂಪು, ಅಂದ್ರೆ ಒತ್ತಿ ಒತ್ತಿ ಡೀಸೆಲ್ ಎಳೆಯೋ ಬುರುಡೆ ಇರ್ತದೆ, ಅದು ಗಟ್ಟಿ ಆಗೋವರೆಗೂ ಒತ್ತಿ, ಆಮೇಲೆ ಸೆಲ್ಫ್. ಎಲೆಕ್ಟ್ರಿಕ್ ಪಂಪ್ ಇರೋ ಗಾಡೀಲಿ ಕೀ ಆನ್ ಮಾಡಿ ಕೆಲವು ಸೆಕೆಂಡ್ ಬಿಟ್ಟು ಆಫ್ ಮಾಡಿ, ಹೀಗೆ ನಾಲ್ಕೈದು ಸಲ. ದಿನಾ ಬೆಳಿಗ್ಗೆ ಪಂಪ್ ಒತ್ತಿದ್ರೆ ಮಾತ್ರ ಸ್ಟಾರ್ಟ್ ಆಗ್ತದೆ ಅಂದ್ರೆ ಎಲ್ಲೋ ಗಾಳಿ ಎಳೀತಿದೆ, ಪೈಪ್ ಜಾಯಿಂಟ್, ಫಿಲ್ಟರ್ ವಾಶರ್ ನೋಡಿ, ಡೀಸೆಲ್ ತೇವ ಇದ್ದಲ್ಲಿ ಧೂಳು ಮೆತ್ತಿರ್ತದೆ.

ಇಲ್ಲಿ ಜೀವದ ಪ್ರಶ್ನೆ ಇದೆ, ಸರಿಯಾಗಿ ಓದಿ. ಹಳೇ ಇಂಜಿನ್‌ನಲ್ಲಿ ಏರ್ ತೆಗೆಯೋಕೆ ಇಂಜೆಕ್ಟರ್ ಪೈಪ್‌ನ ನಟ್ ಸಡಿಲ ಮಾಡಿ ಸೆಲ್ಫ್ ಹೊಡೀತಿದ್ರು. ಕಾಮನ್ ರೈಲ್ ಇಂಜಿನ್‌ನಲ್ಲಿ, ಅಂದ್ರೆ ಒಂದೇ ದಪ್ಪ ಪೈಪಲ್ಲಿ ಡೀಸೆಲ್ ತುಂಬಿಟ್ಟು ಕಂಪ್ಯೂಟರ್ ಇಂಜೆಕ್ಟರ್ ತೆರೆಯೋ ಈಗಿನ ಇಂಜಿನ್‌ನಲ್ಲಿ, ಇದನ್ನ ಯಾವತ್ತೂ ಮಾಡ್ಬೇಡಿ. ಒಳಗಿನ ಒತ್ತಡ ಸಾವಿರ ಬಾರ್ ದಾಟ್ತದೆ, ಲಾರಿ ಟೈರಿನ ಗಾಳಿ ಹತ್ತು ಬಾರ್ ಕೂಡ ಇರೋದಿಲ್ಲ. ಆ ಚಿಮ್ಮು ಚರ್ಮ ತೂರಿ ಒಳಗೆ ಹೋಗ್ತದೆ, ಗಾಯ ಸೂಜಿ ಚುಚ್ಚಿದಷ್ಟೇ ಕಾಣ್ತದೆ ಆದ್ರೆ ಬೆರಳೇ ಕತ್ತರಿಸೋ ಪರಿಸ್ಥಿತಿ ಬರ್ಬಹುದು. ಸೋರಿಕೆ ಇದ್ಯಾ ಅಂತ ಕೈ ಹಿಡಿದೂ ನೋಡ್ಬೇಡಿ, ರಟ್ಟು ಹಿಡೀರಿ. ಹಾಗೇನಾದ್ರೂ ತಾಗಿದ್ರೆ ನೋವಿಲ್ಲ ಅಂತ ಮನೇಲಿ ಕೂರ್ದೆ ಕೂಡ್ಲೇ ಆಸ್ಪತ್ರೆಗೆ ಹೋಗಿ.

ಸೆಲ್ಫ್ ಒಂದು ಸಲಕ್ಕೆ ಹತ್ತು ಸೆಕೆಂಡ್ ಮೇಲೆ ಬೇಡ, ನಡುವೆ ಒಂದು ನಿಮಿಷ ಬಿಡಿ.

ಹೊಳೆ ಉಕ್ಕಿದ ರಸ್ತೇಲಿ ದಾಟುವಾಗ ಇಂಜಿನ್ ನಿಂತಿದ್ರೆ ಮಾತ್ರ ಮೇಲಿನ ಯಾವುದೂ ಅಲ್ಲ. ಸೆಲ್ಫ್ ಮುಟ್ಲೇಬೇಡಿ. ಏರ್ ಫಿಲ್ಟರ್ ಡಬ್ಬಿ ಬಿಚ್ಚಿ ನೋಡಿ, ಒಳಗೆ ಒದ್ದೆ ಇದ್ರೆ ಸಿಲಿಂಡರ್‌ಗೆ ನೀರು ಹೋಗಿರೋ ಸಾಧ್ಯತೆ ಇದೆ. ಗಾಳಿ ಒತ್ತಿದ್ರೆ ಕುಗ್ತದೆ, ನೀರು ಕುಗ್ಗೋದಿಲ್ಲ, ಸೆಲ್ಫ್ ಹೊಡೆದ್ರೆ ಕನೆಕ್ಟಿಂಗ್ ರಾಡ್ ಬಗ್ತದೆ. ಟೋ ಮಾಡ್ಸಿ.

4. ಹೊಗೆ ಬಣ್ಣ ನೋಡೋದು

ಕಪ್ಪು ಹೊಗೆ ಅಂದ್ರೆ ಡೀಸೆಲ್‌ಗೆ ತಕ್ಕ ಗಾಳಿ ಸಿಕ್ತಿಲ್ಲ. ಮೊದ್ಲು ಏರ್ ಫಿಲ್ಟರ್. ದರಕು ಹೇರೋರು, ಚಿರೆಕಲ್ಲು ಕ್ವಾರಿಗೆ ಹೋಗೋರು, ಅಡಿಕೆ ಸುಲಿಯೋ ಧೂಳಲ್ಲಿ ಗಾಡಿ ನಿಲ್ಸೋರು ಪುಸ್ತಕದಲ್ಲಿ ಬರ್ದ ಕಿಲೋಮೀಟರ್ ಕಾಯ್ಬೇಡಿ, ಬೇಗ ಬದಲ್ಸಿ. ಕಂಪ್ರೆಸರ್ ಗಾಳಿ ಜೋರಾಗಿ ಊದಿದ್ರೆ ಪೇಪರ್ ತೂತಾಗ್ತದೆ, ಆಮೇಲೆ ಧೂಳು ಸೀದಾ ಟರ್ಬೋಗೆ (ಇಂಜಿನ್ ಒಳಗೆ ಗಾಳಿ ಒತ್ತಿ ತುಂಬೋ ಯಂತ್ರ).

ನೀಲಿ ಹೊಗೆ ಅಂದ್ರೆ ಆಯಿಲ್ ಸುಡ್ತಿದೆ, ರಿಂಗ್, ವಾಲ್ವ್ ಸೀಲ್ ಅಥವಾ ಟರ್ಬೋ ಸೀಲ್. ಬಿಳಿ ಹೊಗೆ ಬೆಳಿಗ್ಗೆ ಒಂದೆರಡು ನಿಮಿಷ ಬಂದು ಹೋದ್ರೆ ತೊಂದ್ರೆ ಇಲ್ಲ, ಬಿಸಿ ಆದ್ಮೇಲೂ ಸಿಹಿ ವಾಸನೆಯ ಬಿಳಿ ಹೊಗೆ ಬರ್ತಾ ಕೂಲೆಂಟ್ ಕಮ್ಮಿ ಆಗ್ತಿದ್ರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಸೀಲು) ಅನುಮಾನ.

2020ರ ಏಪ್ರಿಲ್ 1ರ ನಂತರದ ಬಿಎಸ್6 (ಹೊಗೆ ಮಾಲಿನ್ಯದ ಬಿಗಿ ನಿಯಮದ) ಗಾಡಿಗಳಲ್ಲಿ ಹೊಗೆ ನಂಬ್ಕೊಂಡು ಕೂರೋಕೆ ಆಗೋದಿಲ್ಲ. ಸೈಲೆನ್ಸರ್ ದಾರೀಲಿ ಡಿಪಿಎಫ್ ಇದ್ರೆ, ಅಂದ್ರೆ ಮಸಿ ಹಿಡಿಯೋ ಜಾಲರಿ, ಅದು ಕಪ್ಪು ಹೊಗೆನ ತಡೆದು ತನ್ನಲ್ಲೇ ಇಟ್ಕೊಳ್ತದೆ. ಆ ಮಸಿ ಸುಡುವಾಗ ಒಳಗೆ 600 ಡಿಗ್ರಿ ಹತ್ರ ಬಿಸಿ ಆಗ್ತದೆ, ಆದ್ರಿಂದ ಒಣಗಿದ ದರಕಿನ ಮೇಲೆ, ಹುಲ್ಲಿನ ಮೇಲೆ ಬಿಸಿ ಗಾಡಿ ನಿಲ್ಸ್ಬೇಡಿ, ಬೆಂಕಿ ಹಿಡೀತದೆ. ಡಿಪಿಎಫ್ ಲೈಟು ಬಂದಾಗ ಗಾಡಿ ಬಂದ್ ಮಾಡಿ ಇಡೋದಲ್ಲ, ಬೇರೆ ಕೆಂಪು ಲೈಟು ಇಲ್ಲ ಅಂದ್ರೆ ಪುಸ್ತಕದಲ್ಲಿ ಹೇಳಿದ ವೇಗದಲ್ಲಿ ಹೈವೇಲಿ ಒಂದೇ ಸಮ ಓಡಿಸ್ಬೇಕು. ದಿನಾ ಮನೆಯಿಂದ ಡೇರಿಗೆ, ಡೇರಿಯಿಂದ ಮನೆಗೆ ಮಾತ್ರ ಓಡೋ ಗಾಡಿಗೆ ಈ ಲೈಟು ಬರೋದು ಅದಕ್ಕೇ.

5. ಘಾಟಲ್ಲಿ ಹೀಟ್ ಆಗೋದು

ದೇವಿಮನೆ, ಅರಬೈಲು ಎರಡೂ ಕಡೆ ಲೋಡ್ ಹಾಕಿ ಹತ್ತುವಾಗ ಇಂಜಿನ್ ಕಷ್ಟ ಪಡ್ತದೆ, ಗಾಡಿ ವೇಗ ಕಮ್ಮಿ ಆದ್ರಿಂದ ರೇಡಿಯೇಟರ್‌ಗೆ ಎದುರು ಗಾಳಿ ಇಲ್ಲ. ಮುಳ್ಳು ಮೇಲೆ ಹೋಗ್ತಿದೆ ಅಂದ ಕೂಡ್ಲೇ ಎಸಿ ಆಫ್, ಹೀಟರ್ ಫುಲ್ ಆನ್ (ಇಂಜಿನ್ ಬಿಸಿ ಸ್ವಲ್ಪ ಕ್ಯಾಬಿನ್‌ಗೆ ಬಂದು ಹೋಗ್ತದೆ), ಅಗಲ ಇರೋ ಜಾಗದಲ್ಲಿ ಪಕ್ಕಕ್ಕೆ ನಿಲ್ಸಿ. ಆವಿ ಇಲ್ಲ, ಸೋರಿಕೆ ಇಲ್ಲ, ಬೆಲ್ಟ್ ತಿರುಗ್ತಿದೆ ಅಂದ್ರೆ ಎರಡು ನಿಮಿಷ ಐಡಲ್‌ನಲ್ಲಿ ಬಿಡಿ, ಮುಳ್ಳು ಇಳಿದ್ರೆ ಒಳ್ಳೇದು. ಆವಿ ಬರ್ತಿದ್ರೆ ಅಥವಾ ಮುಳ್ಳು ಕೆಂಪಲ್ಲಿದ್ರೆ ತಕ್ಷಣ ಆಫ್.

ರೇಡಿಯೇಟರ್ ಮುಚ್ಚಳ ಬಿಸೀಲಿ ತೆಗೀಬೇಡಿ. ಒತ್ತಡದಲ್ಲಿ ಇರೋದ್ರಿಂದ ಒಳಗೆ ನೂರು ಡಿಗ್ರಿ ದಾಟಿದ್ರೂ ಕುದೀದೆ ನಿಂತಿರ್ತದೆ, ಮುಚ್ಚಳ ತಿರುಗಿಸಿದ ಕ್ಷಣ ಕುದ್ದು ಮುಖಕ್ಕೇ ಹಾರ್ತದೆ. ಕೈಯಲ್ಲಿ ಮುಟ್ಟೋ ಹಾಗೆ ಆಗೋವರೆಗೆ ಕಾಯಿರಿ, ಗಂಟೆ ಆದ್ರೂ ಸರಿ. ಬಿಸಿ ಇಂಜಿನ್ ಮೇಲೆ ಹಳ್ಳದ ನೀರು ಸುರಿಯೋದೂ ಬೇಡ, ಹೆಡ್ ಬಿರುಕು ಬಿಡ್ತದೆ.

ತಣ್ಣಗಾದ್ಮೇಲೆ ಕಾರಣ ಹುಡುಕೋದು ಹೀಗೆ. ಕೂಲೆಂಟ್ ಕಮ್ಮಿ ಇದ್ಯಾ, ಹೋಸ್ ಜಾಯಿಂಟಲ್ಲಿ ಬಣ್ಣದ ಕಲೆ ಇದ್ಯಾ, ಬೆಲ್ಟ್ ಸಡಿಲ ಇದ್ಯಾ. ರೇಡಿಯೇಟರ್ ಜಾಲರೀಲಿ ಎಲೆ, ಕೆಂಪು ಮಣ್ಣು ಕೂತಿದ್ರೆ ಇಂಜಿನ್ ಕಡೆಯಿಂದ ಹೊರಗೆ ಮೆಲ್ಲ ನೀರು ಹೊಡೀರಿ, ಪ್ರೆಶರ್ ವಾಶರ್ ಹಿಡಿದ್ರೆ ಜಾಲರಿ ಮಡಚಿ ಹೋಗ್ತದೆ. ಆಮೇಲೆ ಸ್ಟಾರ್ಟ್ ಮಾಡಿ ಬಿಸಿ ಆಗೋಕೆ ಬಿಡಿ. ಮೇಲಿನ ಹೋಸ್ ಸುಡ್ತಿದೆ, ಕೆಳಗಿನದು ತಣ್ಣಗೇ ಇದೆ ಅಂದ್ರೆ ಥರ್ಮೋಸ್ಟಾಟ್ (ಬಿಸಿ ಆದಾಗ ಕೂಲೆಂಟ್ ದಾರಿ ತೆರೆಯೋ ವಾಲ್ವ್) ತೆರೀತಿಲ್ಲ, ಅಥವಾ ರೇಡಿಯೇಟರ್ ಒಳಗೆ ಕಟ್ಟಿದೆ. ಥರ್ಮೋಸ್ಟಾಟ್ ಕಿತ್ತು ಬಿಸಾಕಿ ಓಡ್ಸಿ ಅಂತ ಹೇಳೋರ ಮಾತು ಕೇಳ್ಬೇಡಿ, ಇಂಜಿನ್ ಸರಿಯಾದ ಬಿಸಿಗೇ ಬರೋದಿಲ್ಲ, ಡೀಸೆಲ್ ಜಾಸ್ತಿ ಕುಡೀತದೆ.

ಹೆಡ್ ಗ್ಯಾಸ್ಕೆಟ್ ಅಂತ ಯಾರಾದ್ರೂ ಹೇಳಿದ್ರೆ ಹೆಡ್ ಬಿಚ್ಚೋಕೆ ಒಪ್ಪೋ ಮೊದ್ಲು ಎರಡು ವಿಷಯ ನೋಡಿ. ಪೂರ್ತಿ ತಣ್ಣಗಿದ್ದಾಗ ಮುಚ್ಚಳ ತೆಗ್ದು ಸ್ಟಾರ್ಟ್ ಮಾಡಿದ್ರೆ ನಿಲ್ಲದೆ ಗುಳ್ಳೆ ಬರ್ತದಾ? ಮುಚ್ಚಳ ಹಾಕಿ ತಣ್ಣಗೆ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ ಮೇಲಿನ ಹೋಸ್ ಕಲ್ಲಿನ ಹಾಗೆ ಆಗ್ತದಾ? ಎರಡೂ ಹೌದಾದ್ರೆ ಅನುಮಾನ ಬಲವಾಗಿದೆ. ಆಯಿಲ್ ಮುಚ್ಚಳದ ಅಡೀಲಿ ಬರೀ ಸ್ವಲ್ಪ ಹಳದಿ ನೊರೆ ಕಂಡಿದ್ದಕ್ಕೆ ಹೆದರ್ಬೇಡಿ, ಮಳೆಗಾಲದಲ್ಲಿ ಹತ್ರ ಹತ್ರ ಓಡೋ ಗಾಡೀಲಿ ತೇವದಿಂದ ಅದು ಆಗ್ತದೆ, ಡಿಪ್‌ಸ್ಟಿಕ್ ಮೇಲೂ ಚಾ ಬಣ್ಣ ಇದ್ರೆ ಮಾತ್ರ ಚಿಂತೆ.

6. ಓಡ್ತದೆ, ಆದ್ರೆ ಎಳೆಯೋದಿಲ್ಲ

ಮೊದ್ಲು ಡೀಸೆಲ್ ಫಿಲ್ಟರ್ ಯಾವಾಗ ಬದಲ್ಸಿದ್ದು ಕೇಳ್ಕೊಳ್ಳಿ. ಆಮೇಲೆ ಟರ್ಬೋದಿಂದ ಇಂಟರ್‌ಕೂಲರ್‌ಗೆ (ಆ ಗಾಳಿ ತಣ್ಣಗೆ ಮಾಡೋದು) ಹೋಗೋ ದಪ್ಪ ರಬ್ಬರ್ ಹೋಸ್, ಅದು ಸೀಳಿದ್ರೆ ಲೋಡಲ್ಲಿ ಉಸ್ಸ್ ಅಂತ ಶಬ್ದ, ಹೊರಗೆ ಎಣ್ಣೆ ಜಿಡ್ಡು. ಸ್ಕ್ಯಾನರ್ ಇದ್ರೆ ಸ್ಟೇರಿಂಗ್ ಕೆಳಗಿನ 16 ಪಿನ್ ಸಾಕೆಟ್‌ಗೆ ಹಾಕಿ ಕೋಡ್ ಓದಿ, ಅಳಿಸೋ ಮೊದ್ಲು ಫೋಟೋ ತೆಗೀರಿ. ಪಿ0087 ಅಂದ್ರೆ ರೈಲಲ್ಲಿ ಡೀಸೆಲ್ ಒತ್ತಡ ಕಮ್ಮಿ, ಪಿ0299 ಟರ್ಬೋ ಒತ್ತಡ ಕಮ್ಮಿ, ಪಿ0335 ಕ್ರ್ಯಾಂಕ್ ಸೆನ್ಸರ್ (ಇಂಜಿನ್ ತಿರುಗೋದನ್ನ ಕಂಪ್ಯೂಟರ್‌ಗೆ ತಿಳ್ಸೋದು) ಸರ್ಕ್ಯೂಟ್, ಪಿ0401 ಇಜಿಆರ್ ಹರಿವು ಸಾಲದು (ಇಜಿಆರ್ ಅಂದ್ರೆ ಹೊಗೆನ ಸ್ವಲ್ಪ ಮತ್ತೆ ಇಂಜಿನ್‌ಗೆ ಕಳ್ಸೋ ವಾಲ್ವ್, ಮಸಿ ಕಟ್ತದೆ). ಕೋಡ್ ಹೇಳೋದು ತೊಂದ್ರೆ ಯಾವ ಕಡೆ ಅಂತ ಮಾತ್ರ, ಯಾವ ಪಾರ್ಟ್ ಬದಲ್ಸಿ ಅಂತ ಅಲ್ಲ. ಪಿ0087ಗೆ ಪಂಪೇ ಹೋಗಿರ್ಬೇಕು ಅಂತಿಲ್ಲ, ಕಟ್ಟಿದ ಫಿಲ್ಟರ್ ಸಾಕು. ಪಿ0335ಗೆ ಸೆನ್ಸರ್ ತರೋ ಮೊದ್ಲು ಅದ್ರ ಸಾಕೆಟ್ ಬಿಚ್ಚಿ ಹಸಿರು ಹಿಡಿದಿದ್ಯಾ, ವಯರ್ ಇಲಿ ತಿಂದಿದ್ಯಾ ನೋಡಿ.

ಇಂಜೆಕ್ಟರ್ ಸಾಕೆಟ್ ಮಾತ್ರ ಓಡ್ತಿರುವಾಗ ಮುಟ್ಬೇಡಿ, ಅಲ್ಲಿ ಬ್ಯಾಟರಿಗಿಂತ ಎಷ್ಟೋ ಜಾಸ್ತಿ ವೋಲ್ಟ್ ಇರ್ತದೆ.

7. ಶಬ್ದ

ಮೇಲಿಂದ ಟಿಕ್ ಟಿಕ್ ಬಂದ್ರೆ ಆಯಿಲ್ ನೋಡಿ ಮೆಲ್ಲ ಓಡ್ಸಿ ಗ್ಯಾರೇಜಿಗೆ ಹೋಗ್ಬಹುದು. ಅಡಿಯಿಂದ, ಆಕ್ಸಿಲರೇಟರ್ ಒತ್ತಿದ ಹಾಗೆ ಜೋರಾಗೋ ಧಡ್ ಧಡ್ ಬಂದ್ರೆ ಬೇರಿಂಗ್, ಅಲ್ಲೇ ನಿಲ್ಸಿ.

8. ಗ್ಯಾರೇಜಲ್ಲಿ ಏನು ಹೇಳೋದು, ಏನು ಕೇಳೋದು

"ಇಂಜೆಕ್ಟರ್ ಹೋಗಿದೆ ನೋಡಿ" ಅಂತ ಹೋಗ್ಬೇಡಿ, ನಿಮ್ಮ ಚೀಟಿ ಕೊಡಿ: ತಣ್ಣಗಿದ್ದಾಗ ತೊಂದ್ರೆ, ಬ್ಯಾಟರಿ 12.5, ಫಿಲ್ಟರಲ್ಲಿ ನೀರು ಇಲ್ಲ, ಹೊಗೆ ಬಿಳಿ, ಕೋಡ್ ಇದು. ಒಳ್ಳೇ ಮೆಕ್ಯಾನಿಕ್‌ಗೆ ಅರ್ಧ ದಿನದ ಕೆಲಸ ಉಳೀತದೆ, ಅವರೂ ಖುಷಿಯಿಂದ ಮಾಡ್ತಾರೆ. ನಾಲ್ಕೂ ಇಂಜೆಕ್ಟರ್ ಬದಲ್ಸ್ಬೇಕು ಅಂದ್ರೆ ಮೊದ್ಲು ರಿಟರ್ನ್ ಟೆಸ್ಟ್ ಮಾಡೋಕೆ ಹೇಳಿ: ಪ್ರತಿ ಇಂಜೆಕ್ಟರ್‌ನಿಂದ ವಾಪಸ್ ಬರೋ ಡೀಸೆಲ್ ಬೇರೆ ಬೇರೆ ಬಾಟ್ಲೀಲಿ ಹಿಡಿದು ನೋಡೋದು, ಯಾವುದ್ರಲ್ಲಿ ಬಾಕಿದಕ್ಕಿಂತ ಬಾಳಾ ಜಾಸ್ತಿ ಬಂತೋ ಅದೇ ಸೋರೋದು. ಎಷ್ಟೋ ಸಲ ಒಂದೇ ಸಾಕಾಗ್ತದೆ. ಹೆಡ್ ಬಿಚ್ಚಬೇಕು ಅಂದ್ರೆ ಕಂಪ್ರೆಶನ್ ಟೆಸ್ಟ್ ಮೊದ್ಲು. ಬದಲ್ಸಿದ ಹಳೇ ಪಾರ್ಟ್ ವಾಪಸ್ ಕೇಳಿ ತಗೊಳ್ಳಿ, ಕೇಳೋಕೆ ಸಂಕೋಚ ಬೇಡ.

ಕೆಟ್ಟ ಗಾಡಿನ ಘಾಟ್ ಇಳಿಸಿ ತರೋದಾದ್ರೆ ಇನ್ನೊಂದು ಎಚ್ಚರ. ಇಂಜಿನ್ ಆಫ್ ಇದ್ರೆ ಬ್ರೇಕ್‌ಗೆ ಸಹಾಯ ಮಾಡೋ ವ್ಯಾಕ್ಯೂಮ್ ಎರಡು ಮೂರು ಸಲ ಒತ್ತಿದ್ರೆ ಮುಗೀತದೆ, ಆಮೇಲೆ ಪೆಡಲ್ ಕಲ್ಲಾಗ್ತದೆ, ಪವರ್ ಸ್ಟೇರಿಂಗೂ ಬಿಗಿ ಆಗ್ತದೆ. ನ್ಯೂಟ್ರಲ್ ಹಾಕಿ ಉರುಳ್ಸ್ಕೊಂಡು ಕುಮಟಾಗೆ ಇಳಿಸ್ತೇನೆ ಅನ್ನೋದು, ಹಗ್ಗ ಕಟ್ಟಿ ಇಳಿಸ್ತೇನೆ ಅನ್ನೋದು ಎರಡೂ ಬೇಡ, ಕ್ರೇನ್ ಅಥವಾ ಮೇಲೆ ಹೇರ್ಕೊಂಡು ಹೋಗೋ ಗಾಡಿ ಕರ್ಸಿ. ಅದು ಬರೋವರೆಗೆ ಚಕ್ರಕ್ಕೆ ಕಲ್ಲು, ಹಿಂದೆ ದೂರದಲ್ಲಿ ತ್ರಿಕೋನ ಅಥವಾ ಸೊಪ್ಪಿನ ಕೊಂಬೆ ಇಟ್ಟು, ಮಕ್ಕಳನ್ನ, ದೊಡ್ಡೋರನ್ನ ಗಾಡಿಯಿಂದ ಇಳಿಸಿ ರಸ್ತೆ ಅಂಚಿನಿಂದ ಆಚೆ, ಮಳೆಗಾಲ ಆದ್ರೆ ಮಣ್ಣು ಜಾರೋ ಧರೆ (ಗುಡ್ಡ ಕಡಿದ ಮಣ್ಣಿನ ಗೋಡೆ) ಅಡಿ ಅಲ್ಲದ ಜಾಗದಲ್ಲಿ ನಿಲ್ಸಿ.